ಫ್ಯಾನು, ಬಲ್ಬು ಒಂದೇ ಸ್ವಿಚ್ಚಿಗೆ ಬಿದ್ದ ಕಥೆ

ಲೈಟ್ ಆರಿಸಿದರೆ ಫ್ಯಾನೂ ನಿಲ್ಲುತ್ತದೆ. ಫ್ಯಾನ್ ಬೇಕೆಂದರೆ ಮುಖದ ಮೇಲೆ ಬೆಳಕು ಇಟ್ಟುಕೊಂಡೇ ಮಲಗಬೇಕು. ಮಾಗಳ ಕಡೆಯ ಹಳೆ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಈ ಜಗಳ ನಾವೂ ನೋಡಿದ್ದೇವೆ. ಇದರ ಬೇರು ಹುಡುಕಿದರೆ ಕರೆಂಟಿನ ಇತಿಹಾಸಕ್ಕೇ ಹೋಗಬೇಕು.

ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ನಮ್ಮ ಹಡಗಲಿ ಸೀಮೆ ಆಗ ಮದ್ರಾಸಿಗೆ ಸೇರಿತ್ತು, ಮೈಸೂರಿಗೆ ಬಂದದ್ದು 1953ರಲ್ಲಿ. ಊರಿಗೆ ಕಂಬ ಬಂದ ಮೇಲೂ ಬಡವರ ಮನೆಯೊಳಗೆ ತಂತಿ ಬರಲಿಲ್ಲ. ಅದನ್ನು ತಂದದ್ದು 1970ರ ದಶಕದ ಕೊನೆಗೆ ಶುರುವಾದ ಭಾಗ್ಯಜ್ಯೋತಿ. ಮನೆಗೊಂದು ಬಲ್ಬು, ಆ ಬಲ್ಬಿಗೊಂದು ಸ್ವಿಚ್ಚು, ಅಷ್ಟೇ ಲೆಕ್ಕ.

ಮುಂದೆ ಮಗಳ ಮದುವೆಗೋ, ಪೀಕು ಚಲೋ ಬಂದ ವರ್ಷವೋ ಫ್ಯಾನು ಬಂತು. ಸ್ವಿಚ್ ಬೋರ್ಡಿನಿಂದ ಜಂತಿವರೆಗೆ ಇನ್ನೊಂದು ತಂತಿ ಎಳೆಯುವ ಖರ್ಚು ಯಾಕೆಂದು ಬಲ್ಬಿನ ತಂತಿಗೇ ಫ್ಯಾನನ್ನೂ ಗಂಟು ಹಾಕಿದರು.

ಆ ಗಂಟು ದುಬಾರಿಯಾಯಿತು. ಭಾಗ್ಯಜ್ಯೋತಿ ಮನೆಗೆ ಬಹಳ ವರ್ಷ ತಿಂಗಳಿಗೆ 18 ಯುನಿಟ್ ಮಾತ್ರ ಪುಕ್ಕಟೆ ಇತ್ತು. 75 ವ್ಯಾಟಿನ ಫ್ಯಾನು ರಾತ್ರಿ 8 ತಾಸು ತಿರುಗಿದರೆ 30 ದಿನಕ್ಕೆ ಸರಿಯಾಗಿ 18 ಯುನಿಟ್. ಜೊತೆಗೆ ಸುಮ್ಮನೆ ಉರಿಯುವ 40 ವ್ಯಾಟಿನ ಬಲ್ಬಿಗೆ ಇನ್ನೂ 9.6. ಬಿಲ್ಲು ಬರದೆ ಇರುತ್ತದೆಯೇ? ಈಗ 2023ರ ಗೃಹಜ್ಯೋತಿಯಿಂದ ಆ ಚಿಂತೆ ಕಡಿಮೆ, ಆದರೆ ಗಂಟು ಹಾಗೇ ಇದೆ.

ಬೇರ್ಪಡಿಸುವುದು ದೊಡ್ಡ ಕೆಲಸವಲ್ಲ. ನ್ಯೂಟ್ರಲ್ ಎರಡಕ್ಕೂ ಒಂದೇ ಸಾಕು. ಬೋರ್ಡಿನಲ್ಲಿ ಇನ್ನೊಂದು ಸ್ವಿಚ್ಚು ಕೂರಿಸಿ, ಹಳೆ ಸ್ವಿಚ್ಚಿನ ಫೇಸನ್ನು ಅದಕ್ಕೂ ಕೊಟ್ಟು, ಅಲ್ಲಿಂದ ಫ್ಯಾನಿಗೆ ಹೊಸ ತಂತಿ ಎಳೆದರಾಯಿತು. ಫ್ಯಾನಿನ ಅರ್ತ್ ತಂತಿಯನ್ನೂ ಆಗಲೇ ಎಳೆಸಿಬಿಡಿ. ರೆಗ್ಯುಲೇಟರ್ ಫ್ಯಾನಿನ ದಾರಿಯಲ್ಲಷ್ಟೇ ಇರಬೇಕು. ಬಲ್ಬೂ ಅದರ ಹಿಂದೆ ಸಿಕ್ಕಿಕೊಂಡರೆ ಎಲ್‌ಇಡಿ ಮಿಣಮಿಣ ಎನ್ನುತ್ತದೆ.

ಅಪಾಯ ಇರುವುದು ಬೇರೆ ಕಡೆ. ಎಷ್ಟೋ ಹಳೆ ವೈರಿಂಗಿನಲ್ಲಿ ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿರುತ್ತಾರೆ. ಆಗ ಸ್ವಿಚ್ ಆಫ್ ಇದ್ದರೂ ಮೇಲಿನ ತಂತಿಯಲ್ಲಿ ಕರೆಂಟು ಇರುತ್ತದೆ. ಬಲ್ಬು ಆರಿದೆಯೆಂದು ಸ್ಟೂಲ್ ಹತ್ತಿ ಕೈ ಹಾಕಿದವರಿಗೆ ಅದು ಗೊತ್ತಾಗುವುದು ಶಾಕ್ ಹೊಡೆದಾಗಲೇ. ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ನೋಡುವ ವೈರ್‌ಮನ್‌ನನ್ನೇ ಕರೆಸಿ. ಸ್ವಿಚ್ಚು ಯಾವ ತಂತಿಗಿದೆ ಎಂದು ಮೊದಲು ಅವರನ್ನೇ ಕೇಳಿ.