ಒಂದು ಕಾರ್ಡು, ನೂರಾರು ಎಳೆ

ನಮ್ಮ ಸೋದರಮಾವನ ಕಸುಬು ರಟ್ಟಿಗೆ ತೂತು ಹೊಡೆಯೋದು. ಕೇಳಿದವರು ನಗ್ತಾರೆ. ಆದರೆ ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಯಾರೂ ನಗಲ್ಲ. ಸೀರೆ ಅಂಚಲ್ಲಿ ಮಾವಿನಕಾಯಿ ಬರಬೇಕೋ ನವಿಲು ಬರಬೇಕೋ ಅನ್ನೋದು ಮಗ್ಗದ ಮೇಲಿರೋ ಜಕಾರ್ಡ್‌ಗೆ ಗೊತ್ತಾಗೋದೇ ಆ ತೂತುಗಳಿಂದ. ಮಾವ ಗ್ರಾಫ್ ಹಾಳೆ ನೋಡ್ಕೊಂಡು ಒಂದೊಂದೇ ಕಾರ್ಡು ಹೊಡೀತಿದ್ರು. ರಜೆಗೆ ಹಳ್ಳಿಯಿಂದ ಹೋದಾಗ ಅವನ್ನ ಸಾಲಾಗಿ ದಾರದಲ್ಲಿ ಪೋಣಿಸೋ ಕೆಲಸ ನನ್ನದು. "ಒಂದು ಹಿಂದುಮುಂದಾದ್ರೆ ನವಿಲಿನ ಕತ್ತು ಮುರೀತದೆ ಕಣೋ" ಅಂತ ಗದರ್ತಿದ್ರು.

ಬಿ.ಇ. ಮುಗಿಸಿ ಬೆಂಗಳೂರಲ್ಲಿ ಡೇಟಾಬೇಸ್ ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದಮೇಲೆ ಗೊತ್ತಾಯ್ತು, ನಾನು ಆ ಕಾರ್ಡಿಂದ ಬಹಳ ದೂರವೇನೂ ಬಂದಿಲ್ಲ ಅಂತ.

ಕಥೆ ಫ್ರಾನ್ಸಿನ ಲಿಯಾನ್ ಊರಿಂದ ಶುರು ಮಾಡೋಣ. ಅದೂ ರೇಷ್ಮೆ ನೇಯೋ ಊರೇ. ಆ ಕಾಲಕ್ಕೆ ಚಿತ್ತಾರದ ಬಟ್ಟೆ ನೇಯಬೇಕಾದ್ರೆ, ನೇಕಾರನ ಜೊತೆ ಒಬ್ಬ ಹುಡುಗ ಕೂತು, ಯಾವ ಎಳೆ ಮೇಲೇಳಬೇಕೋ ಅದರ ಹಗ್ಗ ಎಳೀಬೇಕಿತ್ತು. 1804ರ ಹೊತ್ತಿಗೆ ಜೋಸೆಫ್ ಮರಿ ಜಕಾರ್ಡ್ ಆ ಕೆಲಸವನ್ನ ಕಾರ್ಡಿಗೆ ಕೊಟ್ಟ. ತೂತು ಇದ್ದ ಕಡೆ ಎಳೆ ಮೇಲಕ್ಕೆ, ಇಲ್ಲದ ಕಡೆ ಕೆಳಗೆ. ಲಾಳಿ ಒಂದು ಸಲ ಓಡೋಕೆ ಒಂದು ಕಾರ್ಡು. ನೂರಾರು ಎಳೆಗೆ ಒಂದೇ ಏಟಿಗೆ ಅಪ್ಪಣೆ! ಹಗ್ಗ ಎಳೆಯೋ ಹುಡುಗ ಬೇಕಾಗಲಿಲ್ಲ. ಲಿಯಾನ್ ನೇಕಾರರು ಈ ಯಂತ್ರಕ್ಕೆ ತಿರುಗಿಬಿದ್ದದ್ದು ಸುಮ್ಮನೆ ಅಲ್ಲ.

ಮುಂದೆ 1890ರಲ್ಲಿ ಅಮೆರಿಕದ ಜನಗಣತಿಗೆ ಹರ್ಮನ್ ಹಾಲರಿತ್ ತೂತಿನ ಕಾರ್ಡನ್ನೇ ಹಿಡಿದ. ಅವನ ಕಾರ್ಡಿನ ತೂತು ಹೂವು ಬಳ್ಳಿ ಹೇಳ್ತಿರಲಿಲ್ಲ. ಗಂಡೋ ಹೆಣ್ಣೋ, ವಯಸ್ಸೆಷ್ಟು ಅಂತ ಹೇಳ್ತಿತ್ತು. ಅವನ ಕಂಪನಿ ಬೇರೆ ಕಂಪನಿಗಳ ಜೊತೆ ಸೇರಿ 1924ರಲ್ಲಿ ಐಬಿಎಂ ಅಂತ ಹೆಸರು ಪಡೀತು. ಅದೇ ಐಬಿಎಂನಲ್ಲಿ 1970ರಲ್ಲಿ ಎಡ್ಗರ್ ಕಾಡ್, ಮಾಹಿತಿಯನ್ನ ಸಾಲು-ಕಾಲಂಗಳ ಪಟ್ಟಿಯಾಗಿ ನೋಡೋ ಲೆಕ್ಕಾಚಾರ ಮುಂದಿಟ್ಟ. ಇವತ್ತಿನ ಡೇಟಾಬೇಸ್‌ಗಳಲ್ಲಿ ಬಹುಪಾಲು ಅದರ ಮಕ್ಕಳು ಮೊಮ್ಮಕ್ಕಳೇ.

ಆದರೆ ಒಂದು ವಿಚಿತ್ರ ಗಮನಿಸಿ. ಕಾರ್ಡು ಮಗ್ಗದಿಂದ ಕಂಪ್ಯೂಟರಿಗೆ ಬಂತು, "ಒಂದೇ ಅಪ್ಪಣೆ, ನೂರಾರು ಎಳೆ" ಅನ್ನೋ ಗುಟ್ಟು ಮಾತ್ರ ಜೊತೆಗೆ ಬರಲಿಲ್ಲ. ಸಾಮಾನ್ಯ ಪ್ರೊಸೆಸರ್ ಒಂದು ಆಜ್ಞೆಗೆ ಒಂದು ಜೋಡಿ ಸಂಖ್ಯೆಯನ್ನೇ ಕೂಡಿಸ್ತಾ ಕೂತಿತ್ತು. ಒಂದು ಆಜ್ಞೆಗೆ ಹಲವು ಸಂಖ್ಯೆ ಅನ್ನೋ ವಿನ್ಯಾಸಕ್ಕೆ 1966ರಲ್ಲಿ ಮೈಕೇಲ್ ಫ್ಲಿನ್ ಮಾಡಿದ ವಿಂಗಡಣೆಯಿಂದ ಸಿಮ್ಡ್ ಅನ್ನೋ ಹೆಸರು ಬಂತು. ಸೂಪರ್ ಕಂಪ್ಯೂಟರುಗಳಲ್ಲಿ ಅಂಥದ್ದು ಮೊದಲೇ ಇತ್ತು. ಮನೆ ಕಂಪ್ಯೂಟರಿಗೆ ಇಂಟೆಲ್ ಅದನ್ನ ತಂದದ್ದು 1997ರ ಎಂಎಂಎಕ್ಸ್ ಪೆಂಟಿಯಂನಲ್ಲಿ. ಅದೂ ಚಿತ್ರ, ಹಾಡು, ಆಟಕ್ಕೆ ಅಂತ. ಡೇಟಾಬೇಸ್ ಯಾರ ತಲೇಲೂ ಇರಲಿಲ್ಲ.

2002ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಜಿಂಗ್ರೆನ್ ಝೌ ಮತ್ತು ಕೆನೆತ್ ರಾಸ್, ಇದೇ ಆಜ್ಞೆಗಳಿಂದ ಡೇಟಾಬೇಸಿನ ಹುಡುಕಾಟ, ಮೊತ್ತ, ಜೋಡಣೆ ಎಲ್ಲ ವೇಗ ಮಾಡಬಹುದು ಅಂತ ತೋರಿಸಿದರು. ಹಾಲರಿತ್ ಓದಿದ್ದೂ ಕೊಲಂಬಿಯಾದಲ್ಲೇ! 2005ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪೀಟರ್ ಬೋಂಚ್ ತಂಡ, ಒಂದೊಂದು ಸಾಲಿನ ಬದಲು ಕಾಲಂನ ತುಂಡು ತುಂಡನ್ನೇ ಒಟ್ಟಿಗೆ ಸಂಸ್ಕರಿಸೋ ಡೇಟಾಬೇಸ್ ಕಟ್ಟಿತು.

2008ರಲ್ಲಿ ಕಥೆ ನಮ್ಮ ಕಡೆಗೂ ಬಂತು. ಆ ಸೆಪ್ಟೆಂಬರಿನಲ್ಲಿ ಇಂಟೆಲ್ ಹೊರತಂದ ಕ್ಸಿಯಾನ್ 7400, ಅಂದ್ರೆ 'ಡನಿಂಗ್ಟನ್', ಬೆಂಗಳೂರಿನ ತಂಡ ವಿನ್ಯಾಸ ಮಾಡಿದ್ದು. ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್, ದೊಡ್ಡ ಸರ್ವರುಗಳಿಗಾಗಿ. ಆಗಿನ ಹೊಸ ಸಿಮ್ಡ್ ಆಜ್ಞೆಗಳ ಗುಂಪು ಎಸ್‌ಎಸ್‌ಇ 4.1 ಅದರಲ್ಲಿತ್ತು. ಅದೇ ವರ್ಷದ ಕೊನೆಗೆ ಬಂದ ನೆಹಲೆಮ್‌ನಲ್ಲಿ ಎಸ್‌ಎಸ್‌ಇ 4.2 ಬಂತು. ಅದರಲ್ಲೊಂದು ಆಜ್ಞೆ ಸಿಆರ್‌ಸಿ32. ಬರೆದ ಮಾಹಿತಿ ಕೆಟ್ಟಿದೆಯಾ ಅಂತ ನೋಡೋ ತಾಳೆ ಸಂಖ್ಯೆಯನ್ನ ಒಂದು ಸಲಕ್ಕೆ ಎಂಟು ಬೈಟ್‌ನಂತೆ ಲೆಕ್ಕ ಹಾಕುತ್ತೆ. 2016ರ ಜನವರಿಯಲ್ಲಿ ಬಂದ ಪೋಸ್ಟ್‌ಗ್ರೆಸ್ 9.5, ತನ್ನ ಲಾಗ್ ಬರೆಯೋಕೆ ಇದನ್ನೇ ಬಳಸಿಕೊಂಡಿತು.

ಇಷ್ಟು ಓದಿಕೊಂಡು ನಾನೂ ಹುಮ್ಮಸ್ಸಲ್ಲಿ ಕೈ ಹಾಕಿದೆ. ನಮ್ಮ ಆಫೀಸಲ್ಲಿ ರಾತ್ರಿ ಓಡೋ ಒಂದು ರಿಪೋರ್ಟಿಗೆ ನಾಲ್ಕು ಗಂಟೆ ಹಿಡೀತಿತ್ತು. ಎಂಟು ಸಂಖ್ಯೆಯನ್ನ ಒಟ್ಟಿಗೆ ಹೋಲಿಸೋ ಎವಿಎಕ್ಸ್2 ಆಜ್ಞೆ ಹಾಕಿ ಕೋಡ್ ತಿದ್ದಿದೆ. ಎಂಟು ಪಟ್ಟು ವೇಗ ಅಂತ ಕನಸು. ಬಂದದ್ದು ಹತ್ತು ಪರ್ಸೆಂಟೂ ಇಲ್ಲ!

ಯಾಕೆ ಅನ್ನೋಕೆ ನಮ್ಮ ಪಹಣಿ ತಗೊಳ್ಳಿ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಒಬ್ಬ ರೈತನಿಗೆ ತನ್ನ ಪಹಣಿ ಬೇಕು ಅಂದ್ರೆ ಸರ್ವೆ ನಂಬರು, ಹೆಸರು, ಬೆಳೆ, ಸಾಲ ಎಲ್ಲ ಒಂದೇ ಕಡೆ ಇರೋದು ಒಳ್ಳೇದು. ಆದರೆ "ಹೋಬಳೀಲಿ ರಾಗಿ ಒಟ್ಟು ಎಷ್ಟು ಎಕರೆ" ಅಂದ್ರೆ? ಬೇಕಾದ್ದು ಬೆಳೆ ಮತ್ತು ವಿಸ್ತೀರ್ಣ, ಎರಡೇ ಕಾಲಂ. ಅವು ಒಂದೊಂದು ಹಾಳೆಯಲ್ಲಿ ಚದುರಿ ಕೂತಿದ್ರೆ, ಎಂಟನ್ನ ಹೆಕ್ಕಿ ತಂದು ಒಟ್ಟಿಗೆ ಇಡೋದ್ರಲ್ಲೇ ಹೊತ್ತು ಹೋಗುತ್ತೆ. ನನ್ನ ಡೇಟಾ ಹಾಗೇ ಕೂತಿತ್ತು.

ಇದು ಹೊಳೆದದ್ದು ಯುಗಾದಿಗೆ ಮಾವನ ಮನೆಗೆ ಹೋದಾಗ. ಪಕ್ಕದ ಮನೇಲಿ ಮಗ್ಗ ನಿಲ್ಲಿಸಿ ಅಚ್ಚು ಕೆಚ್ಚುತ್ತಿದ್ದರು, ಅಂದ್ರೆ ಮುಗಿದ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಸೇರಿಸಿ ಹೊಸೆಯೋ ಕೆಲಸ. ಸಾವಿರಾರು ಎಳೆ. ಆ ಹೊತ್ತಲ್ಲಿ ಮಗ್ಗ ಒಂದು ಇಂಚೂ ನೇಯಲ್ಲ. ಆದರೆ ಅದು ಮುಗೀದೆ ಜಕಾರ್ಡ್ ಎಷ್ಟು ಚುರುಕಾಗಿದ್ದರೂ ಏನು ಬಂತು?

ವಾಪಸ್ ಬಂದು, ಆಜ್ಞೆ ಬಿಟ್ಟು ಡೇಟಾ ಜೋಡಿಸೋ ಕೆಲಸಕ್ಕೆ ಕೂತೆ. ಕಾಲಂ ಕಾಲಂ ಬೇರೆ ಮಾಡಿ ಹಾಸಿನ ಹಾಗೆ ಸಾಲಾಗಿ ಇಟ್ಟೆ. ಮೂರು ವಾರ ಹಿಡೀತು. ಆಮೇಲೆ ಅದೇ ಎವಿಎಕ್ಸ್2 ಕೋಡ್ ಓಡಿಸಿದರೆ ನಾಲ್ಕು ಗಂಟೆ ಕೆಲಸ ಒಂದು ಗಂಟೆ ಒಳಗೆ. ಎಂಟು ಪಟ್ಟು ಆಗಲೇ ಇಲ್ಲ. ಮೆಮೊರಿಯಿಂದ ಡೇಟಾ ಬರೋವರೆಗೂ ಪ್ರೊಸೆಸರ್ ಕಾಯಲೇಬೇಕು. ಹೋಲಿಸಿದ ಮೇಲೆ ಸಿಗೋ ಉತ್ತರವೂ ಒಂದು-ಸೊನ್ನೆಗಳ ಪಟ್ಟಿ: ಇದನ್ನ ಎತ್ತು, ಅದನ್ನ ಬಿಡು. ಮಾವನ ಕಾರ್ಡೇ.

ಮೀಟಿಂಗಲ್ಲಿ ಚಪ್ಪಾಳೆ ಸಿಕ್ತು. ಎರಡು ತಿಂಗಳಿಗೆ, ಆ ರಿಪೋರ್ಟು ಕಾಯೋಕೆ ಅಂತಲೇ ಇದ್ದ ರಾತ್ರಿ ಪಾಳಿ ರದ್ದಾಯ್ತು. ಅದರಲ್ಲಿದ್ದದ್ದು ಒಬ್ಬ ಕಾಂಟ್ರಾಕ್ಟ್ ಹುಡುಗ, ಹೊಸಕೋಟೆ ಕಡೆಯವನು. ಹಗ್ಗ ಎಳೆಯೋ ಲಿಯಾನ್ ಹುಡುಗನ ಬಗ್ಗೆ ಓದಿದ್ದ ನನಗೆ, ಇವನು ಹೋಗ್ತಾನೆ ಅಂತ ಹೊಳೆದಿರಲಿಲ್ಲ.

ಮಾವನ ಕಸುಬೂ ಈಗಿಲ್ಲ. ಎಲೆಕ್ಟ್ರಾನಿಕ್ ಜಕಾರ್ಡ್ ಬಂದಮೇಲೆ ಡಿಸೈನು ಪೆನ್‌ಡ್ರೈವಲ್ಲಿ ಬರುತ್ತೆ. ಪಂಚಿಂಗ್ ಮಿಷಿನ್ನು ಗುಜರಿಗೆ ಹೋಯ್ತು. ಒಂದು ಕಟ್ಟು ಕಾರ್ಡು ಅಟ್ಟದ ಮೇಲಿದೆ. ಅವರ ಮುಂದೆ ಇದನ್ನೆಲ್ಲ ಹೇಳಿದೆ. ಎವಿಎಕ್ಸ್ ಕಥೆ ಎಷ್ಟು ಅರ್ಥ ಆಯ್ತೋ, ತಲೆ ಆಡಿಸ್ತಾ ಕೇಳಿದ್ರು. ಕೊನೆಗೆ ಕೇಳಿದ್ದು ಒಂದೇ:

"ಆ ಹುಡುಗನಿಗೆ ಫೋನ್ ಮಾಡಿದ್ಯೇನಪ್ಪ?"

ನಂಬರ್ ಇತ್ತು. ಮಾಡಿರಲಿಲ್ಲ. ವಾಪಸ್ ಬರೋ ಬಸ್ಸಲ್ಲಿ ಮಾಡಿದೆ. ದೇವನಹಳ್ಳಿ ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ ಸಿಕ್ಕಿದೆಯಂತೆ. "ಅಲ್ಲೂ ನೈಟ್ ಶಿಫ್ಟೇ ಅಣ್ಣ" ಅಂತ ನಕ್ಕ.