ಘಟ್ಟದ ಹಾದಿಯೂ ಹಳೆಯ ಕಾರಿನ ಬ್ರೇಕೂ

ಮಂಗಳೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯು ಮಾಣಿಯಲ್ಲಿ ಕವಲೊಡೆದು, ಕಬಕ, ಪುತ್ತೂರು, ಸುಳ್ಯಗಳನ್ನು ಹಾದು, ಸಂಪಾಜೆಯ ಬಳಿ ಘಟ್ಟವನ್ನೇರುತ್ತದೆ. ಸಾವಿರ ಮೀಟರಿಗೂ ಮಿಕ್ಕ ಎತ್ತರದ ಮಡಿಕೇರಿಯಿಂದ ಕಬಕದತ್ತ ಇಳಿಯುವ ವಾಹನಕ್ಕೆ ಇಂಜಿನ್ನಿಗಿಂತ ಬ್ರೇಕೇ ಮುಖ್ಯ. ಹಳೆಯ ಕಾರಿನ ಡ್ರಮ್ ಬ್ರೇಕಿನ ಬದಲು ಡಿಸ್ಕ್ ಬ್ರೇಕನ್ನು ಅಳವಡಿಸುವ ವಿಚಾರವನ್ನು ಈ ಹಾದಿಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಚಿತ.

ಇವೆರಡೂ ಸಮವಯಸ್ಕವಾದವು. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕನ್ನು ರೂಪಿಸಿದನು. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು ಡಿಸ್ಕ್ ಬ್ರೇಕಿಗೆ ಪೇಟೆಂಟನ್ನು ಪಡೆದನು. ಆದರೂ ಅರ್ಧ ಶತಮಾನ ಡ್ರಮ್ಮಿನದೇ ಆಧಿಪತ್ಯ. 1953ರ ಲ ಮಾನ್ ಪಂದ್ಯದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದಿತು. 1955ರ ಸಿಟ್ರೊಯೆನ್ ಡಿ.ಎಸ್. ಅದನ್ನು ಸಾಮಾನ್ಯ ಹಾದಿಗೆ ತಂದಿತು. ಆ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ತಯಾರಾಗತೊಡಗಿದ ಅಂಬಾಸಡರಿಗಾದರೋ ನಾಲ್ಕು ಚಕ್ರಗಳಿಗೂ ಡ್ರಮ್ಮೇ ಇದ್ದಿತು.

ಡ್ರಮ್ಮಿನೊಳಗೆ ಎರಡು ಶೂಗಳು ಹೊರಕ್ಕೆ ಒತ್ತುತ್ತವೆ. ಚಕ್ರದ ತಿರುಗುವಿಕೆಯೇ ಮುಂದಣ ಶೂವನ್ನು ಒಳಕ್ಕೆಳೆದು ಒತ್ತಡವನ್ನು ಹೆಚ್ಚಿಸುವುದರಿಂದ ಕಾಲಿನ ಶ್ರಮ ಕಡಿಮೆ. ಆದರೆ ದೀರ್ಘವಾದ ಇಳಿಜಾರಿನಲ್ಲಿ ಕಾದ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ. ಲೈನಿಂಗಿನ ಘರ್ಷಣೆಯೂ ಕುಗ್ಗುತ್ತದೆ. ತುಳುನಾಡಿನ ಮಳೆಗಾಲದಲ್ಲಿ ಒಳನುಗ್ಗಿದ ನೀರೂ ಅದನ್ನು ದುರ್ಬಲಗೊಳಿಸುತ್ತದೆ. ಡಿಸ್ಕಾದರೋ ಗಾಳಿಗೆ ತೆರೆದಿದ್ದು ಬೇಗ ತಣಿಯುತ್ತದೆ, ನೀರನ್ನು ಕೊಡವಿಕೊಳ್ಳುತ್ತದೆ.

ಆದುದರಿಂದ ಬದಲಾವಣೆಗೆ ಬಲವಾದ ಕಾರಣವಿದೆ; ಆದರೆ ಅದು ಒಂದು ಬಿಡಿಭಾಗದ ಬದಲಾವಣೆಯಷ್ಟೇ ಅಲ್ಲ. ಡಿಸ್ಕಿಗೆ ಮೇಲೆ ಹೇಳಿದ ಸ್ವಸಹಾಯವಿಲ್ಲವಾಗಿ ಹೆಚ್ಚಿನ ಒತ್ತಡ ಬೇಕು. ಮಾಸ್ಟರ್ ಸಿಲಿಂಡರನ್ನು ಬದಲಿಸಬೇಕಾಗಬಹುದು, ಬೂಸ್ಟರನ್ನು ಸೇರಿಸಬೇಕಾಗಬಹುದು. ಡ್ರಮ್ಮಿನ ಕೊಳವೆಯಲ್ಲಿ ಒತ್ತಡವನ್ನು ಉಳಿಸುವ ಕವಾಟವು ಡಿಸ್ಕಿನ ಕೊಳವೆಯಲ್ಲಿ ಹಾಗೆಯೇ ಉಳಿದರೆ ಬ್ರೇಕು ಸದಾ ಉಜ್ಜುತ್ತಿರುತ್ತದೆ. ಹಿಂದಣ ಚಕ್ರಗಳ ಡ್ರಮ್ಮಿನೊಡನೆ ಸಮತೋಲ ತಪ್ಪಿದರೆ ತೇವದ ರಸ್ತೆಯಲ್ಲಿ ಕಾರು ಅಡ್ಡ ತಿರುಗಬಹುದು.

ಕಾನೂನಿನ ಮಿತಿಯೂ ಉಂಟು. ತಯಾರಕರು ನಿಗದಿಪಡಿಸಿದ, ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿತು. 50 ವರ್ಷ ಮೀರಿದ ವಾಹನಗಳಿಗಾಗಿ 2021ರಲ್ಲಿ ಬಂದ ನಿಯಮಗಳು ಮೂಲರೂಪದ ರಕ್ಷಣೆಯನ್ನು ಬಯಸುತ್ತವೆ.

ಇತಿಹಾಸದ ದೃಷ್ಟಿಯಿಂದ ಡ್ರಮ್ಮೂ ಒಂದು ದಾಖಲೆಯೇ. ಘಟ್ಟವನ್ನು ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬ ಚಾಲಕರ ನಿಯಮವು ಏಕೆ ಹುಟ್ಟಿತೆಂಬುದನ್ನು ಅದು ತಿಳಿಸುತ್ತದೆ. ಆದರೆ ದಾಖಲೆಯ ರಕ್ಷಣೆಗಾಗಿ ಪ್ರಾಣವನ್ನು ಪಣವಿಡುವುದು ವಿವೇಕವಲ್ಲ. ಘಟ್ಟದಲ್ಲಿ ನಿತ್ಯ ಓಡಾಡುವ ಕಾರಿಗೆ, ಕಾನೂನಿನ ಮಿತಿಯೊಳಗೆ, ಡಿಸ್ಕ್ ಸಲ್ಲಲಿ. ಕಳಚಿದ ಡ್ರಮ್ಮುಗಳು ಮಾತ್ರ ಗುಜರಿಗೆ ಹೋಗದೆ, ಬದಲಾವಣೆಯ ವಿವರ ಮತ್ತು ದಿನಾಂಕಗಳೊಡನೆ ಉಳಿಯಲಿ.