ಉಡುಗೊರೆಗೆ ಉತ್ತರ: ಕೃತಜ್ಞತೆಯ ಒಂದು ಕಿರುಚರಿತ್ರೆ

ಮಕ್ಕಳ ಹುಟ್ಟುಹಬ್ಬಕ್ಕೆ ಊರಿನಿಂದ ಅಜ್ಜಿಯೋ ಸೋದರಮಾವನೋ ಏನಾದರೂ ಕಳುಹಿಸಿದಾಗ ನಮ್ಮ ಮನೆಗಳಲ್ಲಿ ಒಂದು ಸಣ್ಣ ಚರ್ಚೆ ಏಳುವುದುಂಟು. ಮಗುವಿನಿಂದ ‘ಥ್ಯಾಂಕ್ಸ್’ ಹೇಳಿಸಬೇಕೆಂದು ಒಬ್ಬರ ವಾದ. ಹತ್ತಿರದವರಿಗೆ ಎಂಥ ಥ್ಯಾಂಕ್ಸ್, ಅದು ಹೊರಗಿನವರಿಗೆ ಹೇಳುವ ಮಾತು ಎಂದು ಇನ್ನೊಬ್ಬರ ವಾದ. ಎರಡರಲ್ಲಿಯೂ ಹುರುಳಿದೆ. ತೀರ್ಪು ಕೊಡುವ ಮುನ್ನ, ಕೊಟ್ಟವರಿಗೆ ಪಡೆದವರು ಉತ್ತರಿಸುವ ರೀತಿ ನಮ್ಮಲ್ಲಿ ಹೇಗೆ ನಡೆದುಬಂದಿದೆಯೆಂದು ನೋಡುವುದು ಉಚಿತ.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ವಿಷಯವನ್ನು ಅನೇಕರು ಕೇಳಿರಬಹುದು. ಕ್ರಿ.ಶ. 949ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿದ್ದ ಗಂಗ ದೊರೆ ಬೂತುಗನ ಸೇವಕ ಮಣಲೇರ ಅಲ್ಲಿ ಶೌರ್ಯ ಮೆರೆದನು. ಮೆಚ್ಚಿದ ಒಡೆಯ ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಲಾಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪಡೆದ ಕೊಡುಗೆಯನ್ನು ಮಣಲೇರ ಎಷ್ಟು ಅಕ್ಕರೆಯಿಂದ ಇಟ್ಟುಕೊಂಡಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕೃತಜ್ಞತೆಯೆಂದರೆ ಕೊಟ್ಟದ್ದನ್ನು ಚೆನ್ನಾಗಿ ಇಟ್ಟುಕೊಂಡು, ಅದನ್ನು ನಾಲ್ಕು ಜನಕ್ಕೆ ತಿಳಿಯುವಂತೆ ನೆನೆಯುವುದು.

ಸಾಮಾನ್ಯರ ಮನೆಗಳಲ್ಲಿ ಕಲ್ಲಿನ ಬದಲು ಬಟ್ಟೆಯಿತ್ತು. ‘ಉಡುಗೊರೆ’ ಎಂಬ ಮಾತಿನಲ್ಲಿಯೇ ‘ಉಡು’ ಇದೆ. ಅದು ಮೊದಲಿಗೆ ಉಡಲು ಕೊಡುವ ಬಟ್ಟೆಯೇ. ಹಿಂದಿನವರು ಮಕ್ಕಳ ಹುಟ್ಟುಹಬ್ಬವನ್ನು ತಾರೀಖು ನೋಡಿ ಮಾಡುತ್ತಿರಲಿಲ್ಲ, ತಿಥಿ ಇಲ್ಲವೆ ನಕ್ಷತ್ರ ನೋಡಿ ಮಾಡುತ್ತಿದ್ದರು. ಎಣ್ಣೆನೀರು, ಆರತಿ, ಪಾಯಸ. ಮೇಣದಬತ್ತಿ ಆರಿಸುವ ಪದ್ಧತಿ ಇರಲಿಲ್ಲ. ಬಂದ ಹೊಸ ಬಟ್ಟೆಯ ಅಂಚಿಗೆ ಅರಿಶಿನ ಕುಂಕುಮ ಸೋಕಿಸಿ, ದೇವರ ಮುಂದಿಟ್ಟು, ಉಟ್ಟುಕೊಂಡು, ಕೊಟ್ಟ ಹಿರಿಯರ ಕಾಲಿಗೆ ನಮಸ್ಕಾರ ಮಾಡುವುದು ಕ್ರಮ. ಹಿರಿಯರು ‘ನೂರು ಕಾಲ ಬಾಳು’ ಎನ್ನುತ್ತಿದ್ದರು. ಅಲ್ಲಿಗೆ ಲೆಕ್ಕ ಚುಕ್ತ. ಸೋದರಮಾವನ ಎದುರು ನಿಂತು ‘ಧನ್ಯವಾದ’ ಎಂದಿದ್ದರೆ ಆತ ‘ನಾನೇನು ಹೊರಗಿನವನೇನೋ?’ ಎಂದು ಗದರಿಸುತ್ತಿದ್ದನು. ನಮ್ಮಲ್ಲಿ ಕೃತಜ್ಞತೆ ಇರಲಿಲ್ಲವೆಂದಲ್ಲ. ಅದು ಬಾಯಲ್ಲಿರದೆ ಬೆನ್ನು ಬಾಗುವುದರಲ್ಲಿತ್ತು.

ಇದಲ್ಲದೆ ಮದುವೆ ಮುಂಜಿಗಳಲ್ಲಿ ‘ಮುಯ್ಯಿ’ಯ ಪದ್ಧತಿಯಿದೆ. ಯಾರು ಏನು ಕೊಟ್ಟರೆಂದು ಪಟ್ಟಿಯಲ್ಲಿ ಬರೆದಿಟ್ಟು, ಅವರ ಮನೆಯ ಶುಭಕಾರ್ಯದಲ್ಲಿ ಅಷ್ಟನ್ನಾದರೂ ಹಿಂದಿರುಗಿಸಬೇಕು. ಹೊಲದ ಕೆಲಸಕ್ಕೂ ಹೀಗೆಯೇ ‘ಮುಯ್ಯಾಳು’ ಹೋಗುತ್ತಾರೆ. ಸೇಡು ತೀರಿಸುವುದಕ್ಕೂ ಇದೇ ‘ಮುಯ್ಯಿ’ ಪದ ಬಳಕೆಯಲ್ಲಿರುವುದು ಸ್ವಾರಸ್ಯ: ಒಳ್ಳೆಯದಾಗಲಿ, ಕೆಟ್ಟದಾಗಲಿ, ಪಡೆದದ್ದನ್ನು ಹಾಗೆಯೇ ಬಿಡುವಂತಿಲ್ಲ. ಉತ್ತರ ಕರ್ನಾಟಕದವರ ‘ಆಯೇರ’ವೂ ಮುಂಬಯಿ, ಪುಣೆಗಳಲ್ಲಿ ನಾವು ಕೇಳುವ ಮರಾಠಿಯ ‘ಆಹೇರ’ವೂ ಒಂದೇ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಎಂಬ ಮೂರು ಕಟ್ಟುಪಾಡುಗಳನ್ನು ವಿವರಿಸಿದರು. ನಮ್ಮ ಹಳ್ಳಿಯ ಯಜಮಾನರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಈ ಪದ್ಧತಿಗಳೆಲ್ಲ ಕೊಟ್ಟವರು ಕಣ್ಣೆದುರಿಗೆ ಇದ್ದಾಗ ಮಾತ್ರ ನಡೆಯತಕ್ಕವು. ಹೊಟ್ಟೆಪಾಡಿಗಾಗಿ ಊರು ಬಿಟ್ಟ ನಮ್ಮಂಥವರಿಗೆ ಅಂಚೆಯೇ ಗತಿಯಾಯಿತು. ಭಾರತದಲ್ಲಿ ಕಾಲಾಣೆಯ ಅಂಚೆ ಕಾರ್ಡು ಬಂದದ್ದು 1879ರಲ್ಲಿ. ಅಂಚೆ ಕಚೇರಿಯ ಮನಿಯಾರ್ಡರ್ ಮರುವರ್ಷ, 1880ರಲ್ಲಿ. ಮನಿಯಾರ್ಡರ್ ಫಾರಮಿನ ಕೆಳಗಡೆ ನಾಲ್ಕು ಮಾತು ಬರೆಯಲು ಜಾಗವಿರುತ್ತಿತ್ತು. ‘ಮಗುವಿಗೆ ಅಂಗಿ ಹೊಲಿಸುವುದು’ ಎಂದು ಅದರಲ್ಲಿ ಬರೆದರೆ ಹತ್ತು ರೂಪಾಯಿ ಹುಟ್ಟುಹಬ್ಬದ ಉಡುಗೊರೆಯಾಗುತ್ತಿತ್ತು. ಹಣ ಪಡೆದವರ ಸಹಿಯಿದ್ದ ರಸೀತಿ ಕಳುಹಿಸಿದವರಿಗೆ ಹಿಂದಿರುಗುತ್ತಿತ್ತು. ಕಚೇರಿಯ ಭಾಷೆಯಲ್ಲಿ ಅದು ಸ್ವೀಕೃತಿ. ಆದರೆ ಅಷ್ಟರಿಂದ ಯಾವ ಅಜ್ಜಿಗೂ ತೃಪ್ತಿಯಾಗದು. ಅಂಗಿ ಹೊಲಿಸಿದರೋ, ಯಾವ ಬಣ್ಣ, ಹಾಕಿಕೊಂಡು ಮಗು ಏನೆಂದಿತು ಎಂಬುದು ಆಕೆಗೆ ಬೇಕು. ಅದಕ್ಕಾಗಿಯೇ ಕಾರ್ಡು, 1950ರಿಂದ ಇನ್‌ಲ್ಯಾಂಡ್ ಪತ್ರ. ‘ಸಾಷ್ಟಾಂಗ ನಮಸ್ಕಾರಗಳು’, ‘ಉಭಯ ಕುಶಲೋಪರಿ’ ಎಂದು ಆರಂಭವಾಗುತ್ತಿದ್ದ ಆ ಪತ್ರಗಳಲ್ಲಿ, ಎದುರಿಗಿದ್ದಾಗ ಮಾಡುತ್ತಿದ್ದ ನಮಸ್ಕಾರವೇ ಅಕ್ಷರರೂಪ ತಾಳಿತು. ಬಾಯಲ್ಲಿ ಹೇಳಬೇಕಿಲ್ಲದ ಮಾತನ್ನು ದೂರವು ಬರೆಯಿಸಿತು. ಅವಸರದವರಿಗೆ ಶುಭಾಶಯ ತಂತಿಯಿತ್ತು; ಅದರ ಸಿದ್ಧವಾಕ್ಯಗಳಲ್ಲಿ ಹಾರೈಕೆಗೆ ವಂದನೆ ಸಲ್ಲಿಸುವುದೂ ಒಂದು. ಫಾರಮಿನಲ್ಲಿ ಅದರ ಸಂಖ್ಯೆ ನಮೂದಿಸಿದರೆ ಸಾಕು!

ಈ ಪತ್ರಗಳಿಂದ ಇನ್ನೊಂದು ಉಪಕಾರವೂ ಆಯಿತು. ಶಾಲೆಯಲ್ಲಿ ಹಿಂದಿ, ಮರಾಠಿ, ತಮಿಳು ಅಥವಾ ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳಿಗೆ ಕನ್ನಡ ಬರೆಯುವ ಸಂದರ್ಭವೆಂದರೆ ಅನೇಕ ಮನೆಗಳಲ್ಲಿ ಇದೊಂದೇ. ತಂದೆಯ ಪತ್ರದ ಕೊನೆಗೆ ಉಳಿದ ಎರಡು ಅಂಗುಲ ಜಾಗದಲ್ಲಿ ‘ಅಜ್ಜಿಗೆ ನಮಸ್ಕಾರ, ಲಂಗ ಚೆನ್ನಾಗಿದೆ’ ಎಂದು ವಕ್ರವಕ್ರವಾಗಿ ಬರೆದೇ ಎಷ್ಟೋ ಮಕ್ಕಳು ಒತ್ತಕ್ಷರ ಕಲಿತರು.

ಕಾಲ ಬದಲಾಗಿದೆ. 2013ರಲ್ಲಿ ತಂತಿ ಸೇವೆ ನಿಂತಿತು, 2015ರಲ್ಲಿ ಹಳೆಯ ಮನಿಯಾರ್ಡರ್ ನಿಂತಿತು. 2016ರಿಂದ ಬಂದಿರುವ ಯುಪಿಐ ಮೂಲಕ ಅಜ್ಜಿಯ ಆಶೀರ್ವಾದ ಕ್ಷಣಮಾತ್ರದಲ್ಲಿ ಖಾತೆಗೆ ಜಮೆಯಾಗುತ್ತದೆ. ಸ್ವೀಕೃತಿಯನ್ನು ಯಂತ್ರವೇ ಕಳುಹಿಸುತ್ತದೆ. ಮಗು ಒಂದು ಕೈಮುಗಿದ ಚಿತ್ರವನ್ನು ಒತ್ತಿದರೆ ಕರ್ತವ್ಯ ಮುಗಿಯಿತು. ಸೌಲಭ್ಯವನ್ನು ದೂರುವುದು ನನ್ನ ಉದ್ದೇಶವಲ್ಲ. ವಿಡಿಯೋ ಕರೆಯಲ್ಲಿ ಹೊಸ ಬಟ್ಟೆ ಹಾಕಿಕೊಂಡ ಮೊಮ್ಮಗುವನ್ನು ಅಜ್ಜಿ ಕಣ್ಣಾರೆ ನೋಡುವಂತಾದದ್ದು ಹಳೆಯ ಪದ್ಧತಿಯೇ ಮರಳಿ ಬಂದಂತೆ. ಆದರೆ ಆ ಎರಡು ಅಂಗುಲ ಜಾಗ ಮಾತ್ರ ಇಲ್ಲವಾಗಿದೆ.

ಆದ್ದರಿಂದ ಮೊದಲಿನ ಚರ್ಚೆಗೆ ನನ್ನ ಉತ್ತರ ಇಷ್ಟು. ಬರಿಯ ‘ಥ್ಯಾಂಕ್ಸ್’ ಹೇಳಿಸುವ ಬದಲು ಮೂರು ವಾಕ್ಯ ಬರೆಯಿಸಿರಿ: ಏನು ಬಂತು, ಅದನ್ನು ಏನು ಮಾಡಿದೆ, ಊರಿಗೆ ಯಾವಾಗ ಬರುತ್ತೇನೆ. ಅಂಚೆ ಕಾರ್ಡು ಇಂದಿಗೂ ಸಿಗುತ್ತದೆ. ಕಾಗುಣಿತದ ತಪ್ಪುಗಳನ್ನು ತಿದ್ದಲು ಹೋಗಬೇಡಿ. ಅಜ್ಜಿ ಹೇಗಾದರೂ ಓದಿಕೊಳ್ಳುತ್ತಾರೆ, ಓದಿ ಪಕ್ಕದ ಮನೆಯವರಿಗೂ ತೋರಿಸುತ್ತಾರೆ.